ಗೌಸಬಿ ಆಯಿ ತೋರಿಸಿದ ಬಿರುಕು

ನನ್ನ ಅಕ್ಷರ ಚಂದ ಇಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು; ಮಾತು ಜೋಡಿಸುವುದೂ ಸರಿಯಾಗಿ ಬರುವುದಿಲ್ಲ. ತಪ್ಪಿದ್ದಲ್ಲಿ ಓದುವವರು ಕ್ಷಮಿಸಬೇಕು. ಎರಡು ಸಲ ಬರೆದು ಹರಿದು, ಇದನ್ನು ಮೂರನೆಯ ಸಲ ಬರೆಯುತ್ತಿದ್ದೇನೆ.

ಮೊರಬದಿಂದ ನಮ್ಮೂರಿಗೆ ಬರುವ ದಾರಿಯ ಬಲಗಡೆ ಹದಿನೆಂಟು ಸರಕಾರಿ ಮನೆಗಳಿದ್ದವು. ಎಂಬತ್ತೊಂದರಲ್ಲಿ ಕಟ್ಟಿದರು, ಎಂಬತ್ತಾರರಲ್ಲಿ ಕೆಡವಿದರು. ಈಗ ಅಲ್ಲಿ ಜಾಲಿ ಬೆಳೆದಿದೆ. ಹನ್ನೊಂದನೆಯದು ನಮ್ಮ ಮನೆ. ಏಳನೆಯದು ಗೌಸಬಿ ಆಯಿಯದು, ಎಂಟನೆಯದು ಮೈಲಾರವ್ವನದು. ಅವೆರಡಕ್ಕೂ ನಡುವೆ ಒಂದೇ ಗೋಡೆ.

ಗೌಸಬಿ ಆಯಿಗೆ ಗಂಡ ಇಲ್ಲ, ಮಕ್ಕಳಿಲ್ಲ; ಸಾಲಿನ ಹುಡುಗರಿಗೆಲ್ಲ ಅವಳೇ ಆಯಿ, ಅಜ್ಜಿ. ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿದು ಬದುಕುವವಳು. ನಮ್ಮದು ಎರೆಭೂಮಿ, ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ, ಅದರ ಮೇಲಿನ ಗೋಡೆಯೂ ಬಿರಿಯುತ್ತದೆ. ಎರಡನೆಯ ಬೇಸಿಗೆಗೆ ಆ ನಡುಗೋಡೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಟ್ಟಿತು. ಬೇರೆ ಮನೆಯವರು ಮಣ್ಣು ಮೆತ್ತಿಕೊಂಡರು. ಇವರಿಬ್ಬರು ಮೆತ್ತಲಿಲ್ಲ. ಕಡ್ಡಿಪೆಟ್ಟಿಗೆ, ದಾರದ ಉಂಡೆ, ಎಲೆ-ಅಡಿಕೆ ಎಲ್ಲ ಅದರಲ್ಲೇ ದಾಟುತ್ತಿದ್ದವು.

"ಮೈಲಾರಿ, ನಿನ್ನ ಗಂಡನ ಗೊರಕಿ ಈ ಕಡೆ ಬರತೈತಿಬೇ, ವಾಪಸ್ ತೊಗೋ."

"ಇರಲಿ ಬಿಡಬೇ. ಗಂಡಂತೂ ಇಲ್ಲ ನಿನಗ, ಗೊರಕಿನಾರ ಇರಲಿ!" ಎನ್ನುತ್ತಿದ್ದಳು ಮೈಲಾರವ್ವ.

ಅವರ ನಗು ನಮ್ಮ ಮನೆಯವರೆಗೂ ಕೇಳುತ್ತಿತ್ತು.

ಎಂಬತ್ತಾರರ ಯುಗಾದಿ ಮುಗಿದ ಮೇಲೆ ಒಬ್ಬ ಸಾಹೇಬರು ಬಂದರು. ರಿಪೇರಿಗೆ ಬಂದಿದ್ದಾರೆ ಎಂದೇ ಎಲ್ಲರೂ ತಿಳಿದೆವು. ಮನೆಗಳನ್ನು ಉಳಿಸಬೇಕೋ ಕೆಡವಬೇಕೋ ಎಂದು ನೋಡಲು ಬಂದದ್ದು ನಮಗೆ ಗೊತ್ತಿರಲಿಲ್ಲ. ಸಿಮೆಂಟು ತುಂಬಿ ಬಿರುಕು ಮುಚ್ಚಿಬಿಟ್ಟಾರು ಎಂದು ಗೌಸಬಿ ಆಯಿಗೆ ಹೆದರಿಕೆ. ನಾನು ಅವಳ ಸೂಜಿಗೆ ದಾರ ಪೋಣಿಸುತ್ತ ಅಲ್ಲೇ ಕೂತಿದ್ದೆ.

"ಸಾಹೇಬ್ರ, ಉಳಿದದ್ದೆಲ್ಲಾ ಮೆತ್ತರಿ, ಇದೊಂದ ಬಿಡ್ರಿ. ನೋಡ್ರಿ, ಎಷ್ಟ ಅನುಕೂಲ ಐತಿ," ಎಂದು ಆಯಿ ಮೊಣಕೈತನಕ ಕೈ ತೂರಿಸಿದಳು.

ಆಚೆ ಇದ್ದ ಮೈಲಾರವ್ವನಿಗೆ ಸಾಹೇಬರು ಬಂದದ್ದು ತಿಳಿಯದು. "ಏನ ಬೇಕಬೇ, ಮೆಣಸಿನಕಾಯೇನು?" ಎಂದು ಆ ಕೈಯಲ್ಲಿ ನಾಲ್ಕು ಮೆಣಸಿನಕಾಯಿ ಇಟ್ಟಳು.

ಸಾಹೇಬರು ನಕ್ಕರು. ಆಮೇಲೆ ಬರೆದುಕೊಂಡರು. ಈ ಸಾಲಿನಲ್ಲಿ ಇರುವುದು ಅಪಾಯ, ಖಾಲಿ ಮಾಡಿರಿ ಎಂದು ತಿಂಗಳೊಳಗೆ ನೋಟೀಸು ಬಂತು.

ಮೈಲಾರವ್ವ ಗಂಡನ ಜೊತೆ ತಮ್ಮನ ಊರಾದ ಸಂಶಿಗೆ ಹೋದಳು. ಸಾಮಾನು ಹೇರಿದ ಟ್ರ್ಯಾಕ್ಟರ್ ಹತ್ತುವಾಗ, "ಗೌಸಬಿ ಕೈ ತೂರಿಸಿದ್ಲು, ಹದಿನೆಂಟು ಮನಿ ಬಿದ್ವು," ಅಂದಳು. ಮಾತು ಆಯಿಗೆ ಕೇಳಿಸಿತು. ಸಾಮಾನಿನ ಮರೆಯಲ್ಲಿ ಮೈಲಾರವ್ವನ ಮುಖ ಕಾಣಲಿಲ್ಲ.

ಇದಾಗಿ ಮೂರು ವರ್ಷ. ಆಯಿ ಈಗ ಊರೊಳಗೆ ಬಾಡಿಗೆ ಖೋಲಿಯಲ್ಲಿದ್ದಾಳೆ. ಅದರ ಗೋಡೆಯಾಚೆ ಇರುವುದು ಶೇಂಗಾ ಚೀಲಗಳು. ಆದರೂ ಬೆಳಿಗ್ಗೆ ಎದ್ದ ಕೂಡಲೇ ಗೋಡೆಯ ಕಡೆ ತಿರುಗಿ, "ಮೈಲಾರಿ, ಎದ್ದೀಯೇನಬೇ?" ಅನ್ನುತ್ತಾಳೆ. ಆಮೇಲೆ ಹಾಸಿಗೆ ಮಡಚುತ್ತಾಳೆ.

ಮೊನ್ನೆ ಕೌದಿಗೆ ಚಿಂದಿ ಆರಿಸುತ್ತ ಕೇಳಿದಳು: "ಟ್ರ್ಯಾಕ್ಟರ್ ಹತ್ತೂಮುಂದ ಅಕಿ ಅದನ್ನ ನಕ್ಕೋತ ಅಂದ್ಲೋ, ಸಿಟ್ಟಿಲೆ ಅಂದ್ಲೋ? ಅಷ್ಟ ಗೊತ್ತಾದ್ರ ಸಾಕವಾ ನನಗ."

"ಕಾಗದ ಬರೀಲೇನ ಆಯಿ?" ಎಂದೆ.

"ಕಾಗದದಾಗ ನಗು ಬರತೈತೇನ ಹುಚ್ಚಿ? ಓದಾಂವ ಅಕಿ ತಮ್ಮ. ಸಂತಿ ಚೀಟಿ ಓದಿದಾಂಗ ಓದತಾನ."

ಆಯಿಗೆ ಮೊಣಕಾಲು ನೋವು, ಬಸ್ಸು ಹತ್ತಲಾರಳು. ನಾನು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಗುರುತಿಲ್ಲದವರ ಮನೆಯಲ್ಲಿ ನನ್ನ ಬಾಯಿಂದ ಮಾತೇ ಹೊರಡುವುದಿಲ್ಲ. ಆದರೂ ಹೋಗಲೇ ಎಂದು ಅವ್ವನನ್ನು ಕೇಳಿದ್ದೇನೆ, ಒಪ್ಪಿದ್ದಾಳೆ. ಬುಧವಾರ ಬೆಳಗಿನ ಬಸ್ಸಿಗೆ ಸಂಶಿಗೆ ಹೋಗಿ, ಮೈಲಾರವ್ವನ ಎದುರು ಕೂತು, ಮುಖ ನೋಡಿ ಕೇಳುತ್ತೇನೆ.