ಕೆಂಪು ಕಾರಿಗೆ ಬೇಡವೆಂದ ಬೇಡಕ್ಕ

ಬೆಳಗಿನ ಐದೂ ಮುಕ್ಕಾಲು. ಹಳೆಯ ಕಾರು ಮಾರುವ ಮಳಿಗೆಯ ಷಟರ್ ಅರ್ಧ ಮಾತ್ರ ಮೇಲೆದ್ದಿದೆ. ಅದರಡಿ ಬಗ್ಗಿ ಒಳಬರುವ ಹೆಂಗಸಿನ ಕೈಯಲ್ಲಿ ಟಾರ್ಚು, ಹೆಗಲಲ್ಲಿ ಸ್ಪ್ಯಾನರುಗಳ ಚೀಲ, ಕಂಕುಳಲ್ಲಿ ಸುತ್ತಿದ ಚಾಪೆ. ಯಾರನ್ನೂ ಮಾತಾಡಿಸುವ ಮೊದಲೇ ಅವರು ನೇರ ಕಾರಿನ ಬಳಿ ಹೋಗಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಡುತ್ತಾರೆ. ತಣ್ಣಗಿದ್ದರೆ ಚಾಪೆ ಹಾಸಿ ಕೆಲಸ ಶುರು. ಬೆಚ್ಚಗಿದ್ದರೆ ಚಾಪೆ ಬಿಚ್ಚುವುದೇ ಇಲ್ಲ.

“ರಾತ್ರಿಯೆಲ್ಲ ನಿಂತ ಇಂಜಿನ್ನು ಸ್ಟಾರ್ಟ್ ಆಗೋವಾಗ ಎಲ್ಲಾ ಬಾಯಿಬಿಡುತ್ತೆ. ಕೆಮ್ಮು, ಹೊಗೆ, ನಡುಕ, ಏನಿದೆಯೋ ಅದು. ನಾನು ಬರೋ ಮುಂಚೆ ಬಿಸಿ ಮಾಡಿಟ್ಟಿದಾರೆ ಅಂದ್ರೆ ಏನನ್ನೋ ಮುಚ್ಚಿಡ್ತಿದಾರೆ,” ಎನ್ನುತ್ತಾ ಅವರು ಕಾರಿನಡಿ ಜಾರುತ್ತಾರೆ. ಹೊರಗೆ ಕಾಣುವುದು ಈಗ ಎರಡು ಕ್ಯಾನ್ವಾಸ್ ಬೂಟುಗಳು ಮಾತ್ರ.

ಊರಿನ ಕಾರು ವ್ಯಾಪಾರಿಗಳೆಲ್ಲ ಇವರನ್ನು ಕರೆಯುವುದು ಬೇಡಕ್ಕ ಎಂದು. ಕೊಳ್ಳಲು ಬಂದವರ ಪರವಾಗಿ ಕಾರು ಪರೀಕ್ಷಿಸುವುದು ಇವರ ಕೆಲಸ. ಪರೀಕ್ಷೆ ಮುಗಿದ ಮೇಲೆ ಇವರ ಬಾಯಿಂದ ಹೆಚ್ಚಾಗಿ ಬರುವ ಮಾತು ‘ಬೇಡ’. ಹೆಸರು ಹಾಗೆ ಅಂಟಿಕೊಂಡಿತು. ವಯಸ್ಸು ಐವತ್ಮೂರು. ಮಾಮೂಲಿ ಕಾರುಗಳನ್ನು ನೋಡುವವರು ಬೇಕಾದಷ್ಟಿದ್ದಾರೆ. ಬೇಡಕ್ಕ ನೋಡುವುದು ದೂರದೇಶಗಳಿಂದ ಬಂದ, ನೆಲಕ್ಕಂಟಿಕೊಂಡಂತೆ ಓಡುವ, ಇಬ್ಬರೇ ಕೂರಬಹುದಾದ ರೇಸಿನ ಜಾತಿಯ ಕಾರುಗಳನ್ನು. ಮೊದಲ ಯಜಮಾನರಿಗೆ ಬೇಸರ ಬಂದು, ಎರಡನೆಯವರ ಕೈ ದಾಟಿ, ಮೂರನೆಯವರ ಕನಸಿಗೆ ಬಿದ್ದವು ಅವು.

“ಬರೋರೆಲ್ಲ ಎರಡು ಕಾರು ಮನಸ್ಸಲ್ಲಿ ಇಟ್ಕೊಂಡೇ ಬರ್ತಾರೆ. ಒಂದು ಓಡೋ ಕಾರು, ಇನ್ನೊಂದು ತೋರಿಸೋ ಕಾರು. ಯಾವುದು ತಗೊಳ್ಲಿ ಅಂತ ಕೇಳ್ತಾರೆ. ಆದ್ರೆ ಅವರ ಕಣ್ಣು ಆಗಲೇ ಒಂದರ ಮೇಲೆ ನೆಟ್ಟಿರುತ್ತೆ. ನನ್ನನ್ನ ಕರೆಯೋದು ಬರೀ ಹೂಂ ಅನ್ನಿಸ್ಕೊಳ್ಳೋಕೆ.”

ವಾರಕ್ಕೆ ನಾಲ್ಕು ಕಾರು, ಒಂದೊಂದಕ್ಕೆ ಮೂರು ಗಂಟೆ. ಎಣ್ಣೆಜಿಡ್ಡು ಮೆತ್ತಿದ ನೋಟುಪುಸ್ತಕದಲ್ಲಿ ನೋಡಲೇಬೇಕಾದ ನೂರ ಅರವತ್ತನಾಲ್ಕು ಅಂಶಗಳ ಪಟ್ಟಿಯಿದೆ. ಹೋದ ವರ್ಷ ನೋಡಿದ್ದು ನೂರ ತೊಂಬತ್ತು ಕಾರು; ‘ಬೇಡ’ ಅಂದದ್ದು ನೂರ ಹದಿನೆಂಟಕ್ಕೆ.

ಕೆಲಸ ಕಲಿತದ್ದು ಅಪ್ಪನ ಗ್ಯಾರೇಜಿನಲ್ಲಿ. ತಗಡಿನ ಸೂರು, ಕಾರಿನಡಿ ನೋಡಲು ನೆಲದಲ್ಲಿ ಒಬ್ಬರು ನಿಲ್ಲುವಷ್ಟು ಆಳದ ಗುಂಡಿ. ಅಪ್ಪನಿಗೆ ಮೊಣಕಾಲು ನೋವು ಬಂದಮೇಲೆ ಗುಂಡಿಗೆ ಇಳಿಯುತ್ತಿದ್ದವರು ಮಗಳು. “‘ಬೆಳ್ಳಗಿರೋದೆಲ್ಲ ಹಾಲಲ್ಲ ಮಗಾ, ಮೊದಲು ಕಾರಿನ ಹೊಟ್ಟೆ ಕೆಳಗೆ ನೋಡು’ ಅನ್ನೋರು ಅಪ್ಪ.” ಅಪ್ಪ ಹೋದ ಮೇಲೆ ಹೆಂಗಸಿನ ಕೈಗೆ ಗಾಡಿ ಕೊಡುವವರು ಕಡಿಮೆಯಾದರು, ಗ್ಯಾರೇಜು ಮುಚ್ಚಿತು. ರಿಪೇರಿಗೆ ಕೊಡದವರೂ ನೋಡಿ ಹೇಳಿ ಎಂದು ಮಾತ್ರ ಕರೆಯುತ್ತಿದ್ದರು. ಹಾಗೆ ಶುರುವಾದ ಈ ಉದ್ಯೋಗಕ್ಕೆ ಈಗ ಇಪ್ಪತ್ತಾರು ವರ್ಷ. ಗಂಡ ಪುಸ್ತಕಕ್ಕೆ ರಟ್ಟು ಕಟ್ಟುವವರು. ಮನೆಯಲ್ಲಿ ಕಾರಿಲ್ಲ.

ಹತ್ತಿರದಿಂದ ನೋಡಿದವರಿಗೆ ಮಾತ್ರ ಕಾಣುವ ಒಂದು ಸಂಗತಿಯಿದೆ. ಕಾರಿನಡಿಯಿಂದ ಎದ್ದ ಮೇಲೂ ಬೇಡಕ್ಕ ಮತ್ತೆ ಬಗ್ಗಿ, ಬೋಲ್ಟುಗಳನ್ನು ಬೆರಳು ಮಡಿಸಿ ಎಣಿಸುತ್ತಾರೆ. ಕೇಳಿದರೆ ಮುಚ್ಚಿಡುವುದಿಲ್ಲ.

“ಹೆದರಿಕೆ. ಇನ್ನೇನು?”

ಅದಕ್ಕೆ ಏಳು ವರ್ಷದ ಹಿಂದಿನ ಒಂದು ಕಾರಣವಿದೆ. ಕನ್ನಡಕದ ಅಂಗಡಿಯವರೊಬ್ಬರಿಗಾಗಿ ಕಿತ್ತಳೆ ಬಣ್ಣದ ಕಾರೊಂದನ್ನು ನೋಡಿದ್ದರು. ಅಡಿಭಾಗದ ತಗಡಿಗೆ ಎಂಟು ಬೋಲ್ಟು, ಎಂಟೂ ತುಕ್ಕು ಹಿಡಿದು ಕೂತಿದ್ದವು. ಅಂದು ತಮ್ಮ ಮಗಳ ಶಾಲೆಯಲ್ಲಿ ಕಾರ್ಯಕ್ರಮ, ಹೊತ್ತಾಗಿತ್ತು. ತಗಡು ಬಿಚ್ಚದೆಯೇ ‘ಆಗಬಹುದು’ ಎಂದು ಬರೆದುಕೊಟ್ಟರು. ಮೂರು ವಾರದ ನಂತರ ಸೇತುವೆಯ ಮೇಲೆ ಆ ಕಾರು ಹೊತ್ತಿ ಉರಿಯಿತು. ತಗಡಿನ ಹಿಂದೆ ಪೆಟ್ರೋಲ್ ಪೈಪು ಬಿರುಕು ಬಿಟ್ಟಿತ್ತು. ಅಂಗಡಿಯವರ ಜೀವ ಉಳಿಯಿತು, ಬಲಗೈ ಬೆಂದಿತು.

“ಅವರು ನನ್ನನ್ನ ಒಂದು ಮಾತು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಎಡಗೈಲಿ ಕನ್ನಡಕ ಒರೆಸ್ಕೊಡ್ತಾ, ‘ನೀವೇನು ಮಾಡ್ತೀರಮ್ಮ’ ಅಂದ್ರು. ಎಂಟು ಬೋಲ್ಟು ಬಿಚ್ಚಬಹುದಿತ್ತು, ಇನ್ನೇನು ಮಾಡ್ಬೇಕಿತ್ತು?”

ಅಂದಿನಿಂದ ಒಂದು ಬೋಲ್ಟನ್ನೂ ಬಿಟ್ಟಿಲ್ಲ. ಹೆದರಿಕೆಯೂ ಇವರನ್ನು ಬಿಟ್ಟಿಲ್ಲ. ರಸ್ತೆಯಲ್ಲಿ ಅಗ್ನಿಶಾಮಕದ ಸೈರನ್ ಕೇಳಿದರೆ ನಿಂತುಬಿಡುತ್ತಾರೆ. ತಾನು ‘ಆಗಬಹುದು’ ಅಂದ ಕಾರುಗಳಲ್ಲಿ ಇದು ಯಾವುದೋ ಎಂದು ಮನಸ್ಸಿನಲ್ಲೇ ಪಟ್ಟಿ ಓದಿಕೊಳ್ಳುತ್ತಾರೆ.

ಕಳೆದ ಚಳಿಗಾಲದಲ್ಲಿ ಬಂದವರು ಒಬ್ಬ ಹಲ್ಲಿನ ಡಾಕ್ಟರು. ಒಂದೇ ಮಳಿಗೆಯಲ್ಲಿ ಎರಡು ಕಾರು ನೋಡಿಟ್ಟಿದ್ದರು. ಒಂದು ಬೂದು ಬಣ್ಣದ್ದು: ಎಂಟು ವರ್ಷದ ಹಳತು, ಸರ್ವಿಸ್ ಚೀಟಿಗಳೆಲ್ಲ ಕ್ರಮವಾಗಿದ್ದವು, ಯಾರೂ ತಿರುಗಿ ನೋಡುವ ಚಂದವಿಲ್ಲ. ಇನ್ನೊಂದು ಕೆಂಪು, ಹದಿನಾಲ್ಕು ವರ್ಷದ್ದು. ಹೆಸರು ಹೇಳಿದರೆ ಸಾಕು, ಕೇಳಿದವರ ಹುಬ್ಬು ಮೇಲೇರುವಂಥದ್ದು. “ಕಾಲೇಜಲ್ಲಿದ್ದಾಗಿಂದ ಕನಸು ಕಂಡಿದೀನಮ್ಮ,” ಎಂದರಂತೆ ಡಾಕ್ಟರು, ಬೂದು ಕಾರಿಗೆ ಬೆನ್ನು ಹಾಕಿ ನಿಂತುಕೊಂಡು.

ಬೂದು ಕಾರಿನಲ್ಲಿ ಟೈರು ಸವೆದಿದ್ದು ಬಿಟ್ಟರೆ ಬೇರೆ ದೋಷ ಸಿಗಲಿಲ್ಲ. ಕೆಂಪು ಕಾರಿನ ಅಡಿತಗಡಿಗೆ ಇಪ್ಪತ್ತೆರಡು ಬೋಲ್ಟು, ಇಪ್ಪತ್ತೆರಡನ್ನೂ ಬಿಚ್ಚಿದರು. ಎಲ್ಲ ಶುಭ್ರ, ಒಂದು ಹನಿ ಜಿನುಗಿಲ್ಲ. ಆದರೆ ಒಂದು ಪೆಟ್ರೋಲ್ ಪೈಪು ಇಂಜಿನ್ನಿನ ಬೆನ್ನಹಿಂದೆ, ಲೋಹದ ಕವಚದೊಳಗೆ ಹೋಗುತ್ತಿತ್ತು. ಅದನ್ನು ನೋಡಬೇಕೆಂದರೆ ಇಂಜಿನ್ನೇ ಇಳಿಸಬೇಕು. ಮಳಿಗೆಯ ಯಜಮಾನ ಒಪ್ಪಲಿಲ್ಲ. “ಅಕ್ಕಾ, ಹಲ್ಲು ನೋಡೋಕೆ ತಲೆ ಬಿಚ್ಚು ಅಂತೀರಲ್ಲ. ಡಾಕ್ಟರನ್ನೇ ಕೇಳಿ ಬೇಕಾದ್ರೆ!” ಎಲ್ಲರೂ ನಕ್ಕರು. ಓಡಿಸಿ ನೋಡುವುದೆಂದಾಯಿತು.

ಬೇಡಕ್ಕ ಓಡಿಸಿದರು, ಡಾಕ್ಟರು ಪಕ್ಕದಲ್ಲಿ. ಊರಾಚೆಯ ಅಗಲ ರಸ್ತೆಯಲ್ಲಿ ಹನ್ನೊಂದು ಕಿಲೋಮೀಟರು ಕಾರು ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಹೋಯಿತು. ಹನ್ನೆರಡನೆಯದರಲ್ಲಿ ಮೂಗಿಗೆ ಪೆಟ್ರೋಲ್ ವಾಸನೆಯಂಥದ್ದೇನೋ ಬಡಿಯಿತು. ಬಡಿಯಿತು, ಹೋಯಿತು. ಅಷ್ಟೇ. ಬೇಡಕ್ಕ ಕಾರನ್ನು ಬದಿಗೆ ಎಳೆದು ಇಂಜಿನ್ ಆರಿಸಿದರು.

“ಇಳೀರಿ.”

“ಏನಾಯ್ತು? ನನಗೇನೂ ವಾಸನೆ ಬರ್ತಿಲ್ಲವಲ್ಲ.”

“ಡಾಕ್ಟ್ರೇ, ಮೊದಲು ಇಳೀರಿ!” ಸೀಟುಬೆಲ್ಟನ್ನು ತಾವೇ ಬಿಚ್ಚಿ, ಸದಾ ಜೊತೆಗೊಯ್ಯುವ ಬೆಂಕಿ ನಂದಿಸುವ ಸಣ್ಣ ಸಿಲಿಂಡರನ್ನು ಎದೆಗವಚಿಕೊಂಡು, ಡಾಕ್ಟರ ತೋಳು ಹಿಡಿದು ಅರವತ್ತು ಹೆಜ್ಜೆ ದೂರ ಎಳೆದೊಯ್ದರು. ಅಲ್ಲಿ ನಿಂತು ಇಬ್ಬರೂ ಕಾದರು. ಬಿಸಿಲಿಗೆ ಹೊಳೆಯುತ್ತ ನಿಂತ ಕೆಂಪು ಕಾರಿನಿಂದ ಕಾದ ಲೋಹ ಆರುವ ಟಿಕ್ ಟಿಕ್ ಸದ್ದು ಮಾತ್ರ ಬರುತ್ತಿತ್ತು. ಐದು ನಿಮಿಷ, ಹತ್ತು ನಿಮಿಷ. ಹೊಗೆಯಿಲ್ಲ, ಏನೂ ಇಲ್ಲ.

ಆಗ ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬಾತ ಕಾರಿನ ಅಂದ ಕಂಡು ನಿಂತ. ಪುಟ್ಟ ಮಗಳನ್ನು ಇಳಿಸಿ, ಎತ್ತಿ, ಫೋಟೊ ತೆಗೆಯಲೆಂದು ಕಾರಿನ ಹಿಂಭಾಗದ ಮೇಲೆಯೇ ಕೂರಿಸಿದ. ಅದರಡಿಯಲ್ಲೇ ಇಂಜಿನ್.

“ಕೂಗಿದೆ, ಅವನಿಗೆ ಕೇಳಿಸ್ಲಿಲ್ಲ. ಆಮೇಲೆ ಓಡಿದ್ದೊಂದು ನೆನಪಿದೆ.” ಏಳು ವರ್ಷದಿಂದ ಯಾವುದಕ್ಕೆ ಹೆದರಿದ್ದರೋ ಅದರ ಕಡೆಗೇ ಓಡಿದರು. ಮಗುವನ್ನು ಕಿತ್ತುಕೊಂಡು ರಸ್ತೆ ದಾಟಿದರು. ಮಗು ಚೀರಿತು. ಅಪ್ಪ ಹಿಂದೆಯೇ ಓಡಿಬಂದು ಬಾಯಿಗೆ ಬಂದಂತೆ ಬೈದ, ಮಗಳನ್ನು ಕಸಿದುಕೊಂಡು ಹೊರಟುಹೋದ.

ಕಾರು ಮಾತ್ರ ಸುಮ್ಮನೆ ನಿಂತೇ ಇತ್ತು. ಮುಕ್ಕಾಲು ಗಂಟೆ ಕಳೆದು ಬಂದ ಮಳಿಗೆಯ ಯಜಮಾನ ಅಡಿಯಲ್ಲೆಲ್ಲ ಕೈಯಾಡಿಸಿ, ಒದ್ದೆಯಾಗದ ಬೆರಳು ಎತ್ತಿ ತೋರಿಸಿದ. “ಒಂದು ಹನಿ ತೋರಿಸಿ ನೋಡೋಣ. ಹಾವು ಕಚ್ಚಿಸ್ಕೊಂಡೋರಿಗೆ ಹಗ್ಗ ಕಂಡ್ರೂ ಭಯ, ಡಾಕ್ಟ್ರೇ.” ಡಾಕ್ಟರ ಮುಖ ಕೆಂಪಾಗಿತ್ತು. ಬೇಡಕ್ಕ ಚೀಟಿಯಲ್ಲಿ ಬರೆದದ್ದು ಒಂದೇ ಪದ. ಕಾರಣದ ಜಾಗ ಖಾಲಿ.

ವಾರದ ನಂತರ ಡಾಕ್ಟರ ಫೋನು ಬಂತು. ಬೂದು ಕಾರನ್ನೇ ಕೊಂಡಿದ್ದರು. “ನಿಮ್ಮ ಮಾತಿಗಲ್ಲಮ್ಮ. ಅರವತ್ತು ಹೆಜ್ಜೆ ಎಳೆದುಕೊಂಡು ಹೋದ ಕಥೆ ಮನೇಲಿ ಹೇಳಿದೆ. ನನ್ನ ಹೆಂಡತಿ ಆ ಕಾರಲ್ಲಿ ಕೂರಲ್ಲ ಅಂದ್ಬಿಟ್ಲು.” ಬೇಡಕ್ಕನಿಗೆ ಅರ್ಧ ನೆಮ್ಮದಿ. ಉಳಿದರ್ಧ ಎಲ್ಲಿ ಎಂದು ಮಳಿಗೆಗೆ ಹೋಗಿ ನೋಡಿದರೆ, ಕೆಂಪು ಕಾರಿನ ಜಾಗದಲ್ಲಿ ಬೇರೆ ಕಾರು ನಿಂತಿತ್ತು. ಯಾವುದೋ ಊರಿನವರು ನೋಡದೆಯೇ ಕೊಂಡಿದ್ದರು.

ಗಂಡ ಹೇಳಿದರು: “ನಿನ್ನ ಕೆಲಸ ಮುಗೀತಲ್ಲ, ಇನ್ನು ಬಿಡೇ.” ಬಿಡಲಾಗಲಿಲ್ಲ. ಕಾರನ್ನು ಸಾಗಿಸಿದ ಲಾರಿಯವನನ್ನು ಕಾಡಿ ಬೇಡಿ ಫೋನ್ ನಂಬರು ಪಡೆದರು. ಮೊದಲ ಸಲ ಕರೆದಾಗ ಕೊಂಡವನು, ಇದ್ಯಾವುದೋ ಮೋಸದ ಕರೆ ಎಂದು ಇಟ್ಟುಬಿಟ್ಟ. ಎರಡನೆಯ ಸಲ ಗದರಿದ. ಮೂರನೆಯ ಸಲ ಎತ್ತಿದ್ದು ಅವನ ತಾಯಿ.

“ಅಮ್ಮಾ, ನಾನು ಏನೂ ಮಾರೋಕೆ ಕರೀತಿಲ್ಲ. ಆ ಕೆಂಪು ಕಾರಿನ ಇಂಜಿನ್ ಹಿಂದಿನ ಪೈಪು ನೋಡಿಸೋವರೆಗೆ ಅದನ್ನ ಆಚೆ ತೆಗೆಯೋಕೆ ಬಿಡಬೇಡಿ.”

ಆ ತಾಯಿ ಧ್ವನಿ ತಗ್ಗಿಸಿದರು. “ಮಗ ನನ್ನ ಮಾತು ಕೇಳಲ್ಲಮ್ಮ. ಕಾರಿನ ಕೀ ಮಾತ್ರ ಇಲ್ಲೇ ಮೊಳೆಗೆ ನೇತಾಕಿದಾನೆ.”

ಆ ತಾಯಿ ಕೀಯನ್ನು ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟು, ಒಂಬತ್ತು ದಿನ ಬಾಯಿ ಬಿಡಲಿಲ್ಲ. ಹತ್ತನೆಯ ದಿನ ಮಗ ಸೋತ. ಅವನ ಊರಿನ ಮೆಕ್ಯಾನಿಕ್ ಇಂಜಿನ್ ಇಳಿಸಿ ಕವಚ ತೆಗೆದಾಗ, ಪೈಪು ಬೆರಳ ನಡುವೆ ಒಣ ರೊಟ್ಟಿಯ ಹಾಗೆ ಪುಡಿಯಾಯಿತಂತೆ. ಅವನೇ ಫೋಟೊ ಕಳಿಸಿ, ಫೋನ್ ಮಾಡಿದ.

“ಥ್ಯಾಂಕ್ಸ್ ಏನೂ ಹೇಳ್ಲಿಲ್ಲ. ‘ಇದು ನಿಮಗೆ ಹೇಗೆ ಗೊತ್ತಿತ್ತು?’ ಅಂದ. ಗೊತ್ತಿರಲಿಲ್ಲಪ್ಪ, ಹೆದರಿದ್ದೆ ಅಷ್ಟೇ ಅಂದೆ.” ಹೇಳುವಾಗ ಅವರ ಕತ್ತು ತುಸು ನೆಟ್ಟಗಾಗುತ್ತದೆ.

ಈಗ ಎಂಟೂವರೆ. ಇವತ್ತಿನ ಕಾರಿಗೂ ‘ಬೇಡ’ ಎಂದೇ ಆಗಿದೆ. ಕೊಳ್ಳಲು ಬಂದವರು ಮುಖ ಗಂಟಿಕ್ಕಿ ಹೋಗಿದ್ದಾರೆ. ಬೇಡಕ್ಕ ಸೋಪಿನ ಪುಡಿ ಹಾಕಿ ಮೊಣಕೈವರೆಗೆ ತಿಕ್ಕಿ ತೊಳೆಯುತ್ತಿದ್ದಾರೆ. ಇಷ್ಟೆಲ್ಲ ಕಾರು ನೋಡಿದ್ದೀರಿ, ನಿಮಗೂ ಒಂದು ಆಸೆ ಇರಬೇಕಲ್ಲ ಎಂದು ಕೇಳಿದರೆ ಮೊದಲು ನಗು ಬರುತ್ತದೆ. ನಲ್ಲಿ ನಿಲ್ಲಿಸಿ, ಕೈ ಒದರುತ್ತಾರೆ.

“ಯಾವುದಾದ್ರೂ ಕಾರು, ಯಾವ ಬಣ್ಣವಾದ್ರೂ ಸರಿ. ಓಡಿಸೋರು ಬೇರೆ ಯಾರಾದ್ರೂ ಇರ್ಬೇಕು. ನಾನು ಪಕ್ಕದ ಸೀಟಲ್ಲಿ ಕೂತು ನಿದ್ದೆ ಹೋಗ್ಬೇಕು. ಸದ್ದು ಕೇಳಿಸ್ಕೊಳ್ದೆ, ಮೂಸದೆ, ಗಾಢ ನಿದ್ದೆ. ಆಮೇಲೆ ಯಾರಾದ್ರೂ ಭುಜ ಅಲ್ಲಾಡಿಸಿ, ‘ಏಳಕ್ಕಾ, ಊರು ಬಂತು’ ಅಂತ ಎಬ್ಬಿಸ್ಬೇಕು.”