ಇನ್ನೊಂದು ಸರ್ವರ್‌ಗೆ ಗೊತ್ತಿರಲಿಲ್ಲ

ಪೀಣ್ಯದ ಆ ಕಾರ್ಖಾನೆಯಲ್ಲಿ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದಾಗ ನಮ್ಮಲ್ಲಿ ಎರಡು ಸರ್ವರ್‌ಗಳಿದ್ದವು. ಒಂದು ಆಫೀಸಿನವರಿಗೆ, ಇನ್ನೊಂದು ಗೇಟಿನ ಹಾಜರಿಗೆ. ಎರಡಕ್ಕೂ ಡೇಟಾಬೇಸ್ ಒಂದೇ. ಪ್ರತಿ ಸಲ ಅದನ್ನೇ ಕೇಳುತ್ತಾ ಕೂತರೆ ತಡವಾಗುತ್ತದೆಂದು, ಅಪರೂಪಕ್ಕೆ ಬದಲಾಗುವ ಮಾಹಿತಿಯ ನಕಲನ್ನು ಪ್ರತಿ ಸರ್ವರ್ ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು, ಬಾವಿಗೆ ಓಡಾಡುವ ಬದಲು ಮನೆಯಲ್ಲಿ ಕೊಡ ತುಂಬಿಟ್ಟ ಹಾಗೆ. ಮಾಹಿತಿ ತುಂಬುವ ಸ್ಕ್ರೀನಿನ ಮೂಲಕ ಏನಾದರೂ ತಿದ್ದಿದರೆ ಒಂದು ಸೂಚನೆ ದಾಖಲಾಗುತ್ತಿತ್ತು. ಇನ್ನೊಂದು ಸರ್ವರ್ ಆಗಾಗ ಆ ಸೂಚನೆಗಳನ್ನು ನೋಡಿ ಹಳೆಯ ನಕಲನ್ನು ಬಿಸಾಡುತ್ತಿತ್ತು. ಸೂಚನೆ ಇಲ್ಲದಿದ್ದರೆ ಹಳೆಯದನ್ನೇ ನಂಬಿಕೊಂಡಿರುತ್ತಿತ್ತು.

ಆ ವರ್ಷ ನಮ್ಮ ಲೇತ್ ಆಪರೇಟರ್ ಒಬ್ಬರು ತುಮಕೂರು ರಸ್ತೆಯಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡರು. ‘ಮೃತ’ ಎಂದು ಬರೆಯಲು ಸ್ಕ್ರೀನು ಮರಣ ಪ್ರಮಾಣಪತ್ರ ಕೇಳುತ್ತಿತ್ತು. ಅದು ಬರುವುದು ತಡವಾಯಿತು. ಹೆಂಡತಿಯ ಪಿಂಚಣಿ ಕೆಲಸ ನಿಲ್ಲಬಾರದೆಂದು ನನ್ನ ಸಹೋದ್ಯೋಗಿ ಸ್ಕ್ರೀನನ್ನು ಬದಿಗಿಟ್ಟು ನೇರವಾಗಿ ಡೇಟಾಬೇಸಿನಲ್ಲೇ ತಿದ್ದಿಬಿಟ್ಟ. ಅಲ್ಲಿಗೆ ಸೂಚನೆಯೇ ಬೀಳಲಿಲ್ಲ. ಬೇರೆ ಕಾರಣಕ್ಕೆ ಅಂದೇ ಆಫೀಸಿನ ಸರ್ವರ್ ಆರಿಸಿ ಮತ್ತೆ ಚಾಲೂ ಮಾಡಿದ್ದರಿಂದ ಅದು ಹೊಸದನ್ನು ಓದಿಕೊಂಡಿತು. ನಮ್ಮ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಗೇಟಿನಿಂದ ಸೆಕ್ಯುರಿಟಿಯವರು ಫೋನ್ ಮಾಡಿದರು. "ಮೇಡಂ, ಆಯಮ್ಮ ಇವತ್ತೂ ಬಂದವ್ರೆ. ನಂಗೇನ್ ಯೋಳ್ಬೇಕೋ ಗೊತ್ತಾಯ್ತಿಲ್ಲ, ನೀವೇ ಬನ್ನಿ."

ಗೇಟಿನ ಹೊರಗೆ ತೀರಿಕೊಂಡವರ ಹೆಂಡತಿ ನಿಂತಿದ್ದರು, ಕೈಯಲ್ಲಿ ಗಂಡನ ಫೋನು. ದಿನಾ ಶಿಫ್ಟ್ ಶುರುವಾದೊಡನೆ ಅದಕ್ಕೆ ನಮ್ಮ ಹಾಜರಿ ಸರ್ವರಿನಿಂದ ಮೆಸೇಜ್ ಹೋಗುತ್ತಿತ್ತಂತೆ: ನೀವು ಗೈರುಹಾಜರಾಗಿದ್ದೀರಿ, ಕಾರಣ ತಿಳಿಸಿ, ಇಲ್ಲವಾದರೆ ಕ್ರಮ ಕೈಗೊಳ್ಳಲಾಗುವುದು. ಇಂಗ್ಲಿಷಿನಲ್ಲಿದ್ದ ಅದನ್ನು ಮನೆ ಓನರ್ ಓದಿ ಹೇಳಿದ್ದರು.

"ಇವತ್ತೂ ಅವ್ರು ಬರಲ್ಲ ಅಂತ ಯೋಳಕ್ ಬಂದೆ ಮೇಡಂ," ಎಂದರು. ಮೆಸೇಜ್ ಬಂದ ಪ್ರತಿ ದಿನವೂ ಬಾಗಲಗುಂಟೆಯಿಂದ ನಡೆದು ಬಂದು ಹೀಗೇ ಹೇಳಿ ಹೋಗಿದ್ದರು. ಹೇಳದಿದ್ದರೆ ಪಿಂಚಣಿಗೆ ಕುತ್ತು ಬಂದೀತೆಂಬ ಭಯ ಅವರಿಗೆ.

ಸೂಚನೆ ಸಿಗದ ಹಾಜರಿ ಸರ್ವರಿನ ಲೆಕ್ಕದಲ್ಲಿ ಆತ ಇನ್ನೂ ಬದುಕಿದ್ದರು. ಒಳಗೆ ಹೋಗಿ ಸಹೋದ್ಯೋಗಿಯನ್ನು ಹಿಗ್ಗಾಮುಗ್ಗಾ ಬೈದೆ. "ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು ಕಣ್ರೀ," ಎಂದು ತಲೆ ತಗ್ಗಿಸಿದ. ಅದೂ ನಿಜವೇ. ಹಾಜರಿ ಸರ್ವರಿನ ನಕಲನ್ನು ಅಳಿಸಲು ಒಂದು ಆಜ್ಞೆ ಸಾಕಾಯಿತು. ನನ್ನ ಕಣ್ಣೆದುರೇ ಅಲ್ಲೂ ‘ಮೃತ’ ಎಂದು ಬಂತು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಆಕೆಯನ್ನು ಒಳಗೆ ಕರೆದು ಕೂರಿಸಿ, ಟೀ ತರಿಸಿಕೊಟ್ಟು, ನಾಳೆಯಿಂದ ಮೆಸೇಜ್ ಬರುವುದಿಲ್ಲ, ಪಿಂಚಣಿಗೂ ತೊಂದರೆಯಿಲ್ಲ ಎಂದೆ.

"ಅಂದ್ರೆ ನಿಮ್ ಕಂಪ್ಯೂಟರ್ಗೆಲ್ಲಾ ಗೊತ್ತಾಯ್ತಾ ಮೇಡಂ?"

"ಎಲ್ಲಾದಕ್ಕೂ ಗೊತ್ತಾಯ್ತು."

ಆಕೆ ಫೋನನ್ನು ಸೆರಗಿನಲ್ಲಿ ಒರೆಸಿದರು. "ಮಗಳು ಆನೇಕಲ್ಲಲ್ಲಿ ನಮ್ಮಮ್ಮನ ಮನೇಲವ್ಳೆ. ಅಪ್ಪ ಫ್ಯಾಕ್ಟ್ರೀಗೋಗವ್ರೆ ಅಂತ ಯೋಳಿದೀವಿ," ಎಂದರು. "ಅವ್ಳಿಗಿನ್ನೂ ಯೋಳಿಲ್ಲ."