ನಡುವೆ ತಗ್ಗಿದ ಸೀಟು

ಡಿಪೋದ ಹಿಂಗೋಡೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಅವಳ ಹೊಲಿಗೆ ಯಂತ್ರವಿತ್ತು. ರವಿಕೆ ಹೊಲಿಯುವ ನಾಜೂಕಿನ ಯಂತ್ರವಲ್ಲ, ರೆಕ್ಸಿನ್ನನ್ನೂ ದಪ್ಪ ಕ್ಯಾನ್ವಾಸನ್ನೂ ಗಟಗಟ ಚುಚ್ಚಿ ದಾಟುವ ದೊಡ್ಡ ಸೂಜಿಯ ಯಂತ್ರ. ಬಸ್ಸಿನ ಸೀಟು, ಟ್ಯಾಕ್ಸಿಯ ಸೀಟು, ಒಮ್ಮೊಮ್ಮೆ ರೈಲಿನ ಬರ್ತು, ಹರಿದದ್ದು ಯಾವುದೇ ಆಗಲಿ ಕೊನೆಗೆ ಬಂದು ಬೀಳುತ್ತಿದ್ದುದು ಅವಳ ಮೇಜಿನ ಮೇಲೆ. ಹಾಗಾಗಿ ಡಿಪೋದಲ್ಲಿ ಎಲ್ಲರ ಬಾಯಲ್ಲೂ ಅವಳು ರೆಕ್ಸಿನಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಮೆಕ್ಯಾನಿಕ್ ಕೂಡ ಅಕ್ಕ ಎಂದೇ ಕರೆಯುತ್ತಿದ್ದ. ಮೊದಮೊದಲು ಅವಳು ಮುಖ ಗಂಟು ಹಾಕುತ್ತಿದ್ದಳು, ಆಮೇಲೆ ಆ ಹೆಸರಿಗೇ ಓಗೊಡುವುದು ರೂಢಿಯಾಯಿತು.

ಮನುಷ್ಯರ ಮುಖಕ್ಕಿಂತ ಅವರು ಕೂತೆದ್ದ ಸೀಟು ಹೆಚ್ಚು ನಿಜ ಹೇಳುತ್ತದೆ ಎಂಬುದು ಅವಳ ನಂಬಿಕೆ. ಮೊಣಕಾಲು ನೋವಿನ ಡ್ರೈವರ್ ಯಾರು, ಮನೆಯಲ್ಲಿ ಜಗಳವಾಡಿ ಬಂದು ಸೀಟಿನ ತುದಿಯಲ್ಲಿ ಕೂರುವವನು ಯಾರು, ಹೊಟ್ಟೆ ಬೆಳೆಸಿಕೊಂಡು ಹಿಂದಕ್ಕೆ ಒರಗಿದವನು ಯಾರು ಎಂದು ಹೊದಿಕೆ ಬಿಚ್ಚುವ ಮೊದಲೇ ಹೇಳಿಬಿಡುತ್ತಿದ್ದಳು. ಹೇಳಬಾರದ್ದನ್ನು ಮಾತ್ರ ಹೇಳುತ್ತಿರಲಿಲ್ಲ.

ಅವಳ ಗಂಡ ಅದೇ ಡಿಪೋದಲ್ಲಿ ಘಾಟಿ ಬಸ್ಸಿನ ಡ್ರೈವರ್. ಸೀಟಿನಲ್ಲಿ ಗೂಟ ಹೊಡೆದ ಹಾಗೆ ನೆಟ್ಟಗೆ ಕೂರುತ್ತಿದ್ದುದರಿಂದ ಅಡ್ಡಹೆಸರು ಗೂಟ. ಇಪ್ಪತ್ತೇಳು ವರ್ಷ ಅವನು ಬೆಳಿಗ್ಗೆ ಆರೂವರೆಗೆ ಹೊರಟು ಘಾಟಿ ಹತ್ತಿ, ಮೇಲಿನ ಊರಿನಲ್ಲಿ ಒಂದು ಲೋಟ ಚಹಾ ಕುಡಿದು, ಮಧ್ಯಾಹ್ನಕ್ಕೆ ಇಳಿದು ಬಂದ. ಆ ಕಣಿವೆ ನೋಡಲೆಂದೇ ಜನ ಎಲ್ಲೆಲ್ಲಿಂದಲೋ ಬರುತ್ತಿದ್ದರು. ಅವನೊಬ್ಬ ನೋಡಿರಲಿಲ್ಲ. ಕಣ್ಣು ರಸ್ತೆ ಬಿಟ್ಟು ಆಚೆ ಹೋದರೆ ಬಸ್ಸೂ ಹಿಂದೆಯೇ ಹೋಗುತ್ತದಲ್ಲ. ಕಣಿವೆ ಅವನಿಗೆ ಗೊತ್ತಿದ್ದುದು ಕಿವಿಯಿಂದ. ಒಂಬತ್ತನೆಯ ತಿರುವಿನಲ್ಲಿ ಬೆನ್ನ ಹಿಂದೆ ಎಲ್ಲರೂ ಅಬ್ಬಾ ಎನ್ನುತ್ತಿದ್ದರು. ಹದಿನಾಲ್ಕರಲ್ಲಿ ಮಕ್ಕಳು ಕಿರುಚುತ್ತಿದ್ದವು. ಇಪ್ಪತ್ತೊಂದರಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ.

“ಆ ಇಪ್ಪತ್ತೊಂದರಲ್ಲಿ ಅದೇನಿದೆ ಅಂತ ಒಂದ್ಸಲ ನೋಡ್ಬೇಕು ಕಣೇ,” ಎನ್ನುತ್ತಿದ್ದ. “ಬಸ್ಸಿಗೆ ಬಸ್ಸೇ ಬಾಯಿಗೆ ಬೀಗ ಹಾಕ್ಕೊಳ್ಳುತ್ತೆ. ಮುಂದಿನ ಸಲ ರಜೆ ಹಾಕ್ತೀನಿ, ಇಬ್ಬರೂ ರೈಲಲ್ಲಿ ಹೋಗಿ ಬರೋಣ.”

“ರೈಲು ಬೇಡ. ನನಗೆ ತಲೆ ಸುತ್ತುತ್ತೆ,” ಎನ್ನುತ್ತಿದ್ದಳು ಅವಳು.

ಇಪ್ಪತ್ತೊಂದರಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಮದುವೆಯಾದ ಎರಡನೆಯ ವರ್ಷ, ಮೇಲಿನ ಊರಿನ ಆಸ್ಪತ್ರೆಯಲ್ಲಿದ್ದ ಚಿಕ್ಕಮ್ಮನನ್ನು ನೋಡಲು ಒಬ್ಬಳೇ ರೈಲಿನಲ್ಲಿ ಹೋಗಿದ್ದಳು. ಹಳಿ ಕಣಿವೆಯ ಈ ದಡದಲ್ಲಿ, ಬಸ್ಸಿನ ರಸ್ತೆ ಎದುರಿನ ದಡದಲ್ಲಿ. ಅವಳು ಕಿಟಕಿಯಿಂದ ಎದುರಿನ ಬಂಡೆ ನೋಡುತ್ತಿದ್ದಾಗ ಅದರ ಮೇಲೆ ಉಗುರಿನಲ್ಲಿ ಗೀರಿದಂಥ ಒಂದು ಗೆರೆ ಕಾಣಿಸಿತು. ಗೆರೆಯ ಮೇಲೆ ಕೆಂಪಗೆ ಏನೋ ಹರಿದಾಡಿತು. ಅದು ಬಸ್ಸು ಎಂದು ತಿಳಿಯುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ಒಂದು ತಿರುವಿನಲ್ಲಂತೂ ರಸ್ತೆಯ ಕೆಳಗೆ ಬಂಡೆಯೇ ಇರಲಿಲ್ಲ. ಯಾವ ಕಾಲದಲ್ಲೋ ಬಂಡೆಯ ಹೊಟ್ಟೆ ಕುಸಿದು ಹೋಗಿ, ರಸ್ತೆ ಗೋಡೆಗೆ ಹೊಡೆದ ಹಲಗೆಯ ಹಾಗೆ ಹೊರಗೆ ಚಾಚಿಕೊಂಡಿತ್ತು. ಅದಕ್ಕೆ ಆಸರೆಯಾಗಿ ಬಂಡೆಗೆ ಓರೆಯಾಗಿ ಊರಿದ ನಾಲ್ಕು ಕಲ್ಲುಕಂಬ. ಕಂಬಗಳ ಕೆಳಗೆ ಬರೀ ಗಾಳಿ. ಅವಳು ಬೆರಳು ಮಡಚಿ ತಿರುವು ಎಣಿಸಿದಳು. ಇಪ್ಪತ್ತೊಂದು.

ಡ್ರೈವರ್ ಸೀಟಿನಿಂದ ನೋಡಿದರೆ ಅಲ್ಲಿರುವುದು ಒಂದು ತಡೆಗೋಡೆ, ಅದರಾಚೆ ಒಂದಿಷ್ಟು ಪೊದೆ, ಅಷ್ಟೇ. ಗಾಡಿ ನಿಲ್ಲಿಸಿ ಇಳಿದು ನೋಡಲು ಅಲ್ಲಿ ಜಾಗವೂ ಇಲ್ಲ, ಅಪ್ಪಣೆಯೂ ಇಲ್ಲ. ಕಿಟಕಿ ಪಕ್ಕದ ಪ್ರಯಾಣಿಕರು ಕೆಳಗೆ ಬಗ್ಗಿ ನೋಡಿ ತೆಪ್ಪಗಾಗುತ್ತಿದ್ದರು. ಕೆಳಗಿಳಿದ ಮೇಲೆ ಡ್ರೈವರನಿಗೆ ಕೈ ಮುಗಿದು ಹೋಗುತ್ತಿದ್ದರೇ ಹೊರತು ಯಾರೂ ಬಾಯಿ ಬಿಡುತ್ತಿರಲಿಲ್ಲ. ಜನ ತನ್ನ ಡ್ರೈವಿಂಗ್ ಮೆಚ್ಚಿ ಕೈ ಮುಗಿಯುತ್ತಾರೆ ಎಂದು ಗೂಟನ ಎಣಿಕೆ.

ಅವಳಿಗೆ ಅವತ್ತಿನಿಂದ ನೆಮ್ಮದಿಯಿಲ್ಲ. ಬೇರೆ ರೂಟು ಕೇಳಿ ಎಂದು ಒಮ್ಮೆ ಹೇಳಿಯೂ ನೋಡಿದಳು. “ಘಾಟಿ ಬಿಟ್ಟು ಊರೊಳಗೆ ಸೈಕಲ್ಲಿಗೆಲ್ಲ ಹಾರ್ನ್ ಹೊಡ್ಕೊಂಡು ಓಡಾಡ್ಲಾ?” ಎಂದು ಅವನು ನಕ್ಕುಬಿಟ್ಟ. ಘಾಟಿಯ ಡ್ರೈವರ್ ಎಂದರೆ ಡಿಪೋದಲ್ಲಿ ಒಂದು ಗತ್ತು. ಅವನು ಅದನ್ನು ಬಿಡುವ ಪೈಕಿಯಲ್ಲ ಎಂದು ಅವಳಿಗೆ ಖಚಿತವಾಯಿತು.

ಅದೇ ಸುಮಾರಿಗೆ ಘಾಟಿಯ ಇನ್ನೊಂದು ಬಸ್ಸಿನ ಡ್ರೈವರ್ ಸೀಟು ಅವಳ ಮೇಜಿಗೆ ಬಂತು. ಎಡ ಅಂಚೂ ಬಲ ಅಂಚೂ ಚಪ್ಪಟೆಯಾಗಿ, ನಡುವೆ ಫೋಮು ಉಬ್ಬಿಕೊಂಡೇ ಉಳಿದಿತ್ತು. ಕೂರುವ ಜಾಗ ಬಿಟ್ಟು ಉಳಿದೆಡೆ ಕೂತವನು ಯಾರಪ್ಪ ಎಂದು ಅವಳಿಗೆ ಆಶ್ಚರ್ಯ. ಆ ಡ್ರೈವರ್, ತಲೆ ನರೆತ ಮನುಷ್ಯ, ಸೀಟು ತಗೊಂಡು ಹೋಗಲು ಬಂದಾಗ ಕೇಳಿದಳು.

“ಒಂದ್ಸಲ ರೈಲಲ್ಲಿ ಹೋಗಿದ್ದೆ ಕಣಮ್ಮ,” ಎಂದ ಅವನು, ದನಿ ತಗ್ಗಿಸಿ. “ಅವತ್ತಿಂದ ಹಿಂಗೆ. ಹತ್ತೋವಾಗ ಬೆಟ್ಟದ ಕಡೆ ವಾಲ್ತೀನಿ, ಇಳಿಯೋವಾಗ ಆ ಕಡೆ ಬೆಟ್ಟ ಬರುತ್ತಲ್ಲ, ಆ ಕಡೆ ವಾಲ್ತೀನಿ. ಮೈ ತಾನಾಗೇ ಹೋಗುತ್ತೆ. ಸ್ಟೀರಿಂಗೂ ಜೊತೆಗೆ ಎಳೆಯುತ್ತೆ ನೋಡು, ಅದೇ ಭಯ.”

ಆರು ತಿಂಗಳಲ್ಲಿ ಅವನು ಬಸ್ಸನ್ನು ಬೆಟ್ಟಕ್ಕೆ ಉಜ್ಜಿ, ಎದುರಿನ ಲಾರಿ ತಪ್ಪಿಸಲು ಹೋಗಿ ಕಾಲು ಮುರಿದುಕೊಂಡು ಮನೆ ಸೇರಿದ. ಅಂದಿನಿಂದ ರೆಕ್ಸಿನಕ್ಕನಿಗೆ ಒಂದೇ ಹಟ. ಗಂಡ ನಿವೃತ್ತಿಯಾಗುವವರೆಗೆ ರೈಲು ಹತ್ತಬಾರದು. ಅವನಿಗೆ ಆ ತಿರುವು ಕಾಣಬಾರದು. ನೆಟ್ಟಗೆ ಕೂತವನು ನೆಟ್ಟಗೇ ಕೂತಿರಬೇಕು.

ಮೂರು ತಿಂಗಳಿಗೊಮ್ಮೆ ಅವನ ಸೀಟು ಹೊದಿಕೆ ಬದಲಿಸಲು ಬರುತ್ತಿತ್ತು. ಅವಳು ಶೆಡ್ಡಿನ ಬಾಗಿಲು ಮುಂದೆ ಮಾಡಿ, ಮೊದಲು ಅಂಗೈ ಆಡಿಸಿ ನೋಡುತ್ತಿದ್ದಳು. ನಡುವೆ ತಟ್ಟೆಯಂತೆ ತಗ್ಗು, ಸುತ್ತ ಅಂಚು ಗಟ್ಟಿ. ಅಷ್ಟು ಖಾತ್ರಿಯಾದ ಮೇಲೇ ಕತ್ತರಿ ಕೈಗೆತ್ತಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಒಂದು ಹೆಂಗಸು ಗಂಡನ ನೆಮ್ಮದಿಯನ್ನು ಫೋಮಿನಲ್ಲಿ ಅಳೆದಳೆಂದರೆ ನಗು ಬರಬಹುದು. ಅವಳಿಗೆ ಬರುತ್ತಿರಲಿಲ್ಲ.

ಹಟ ಹಿಡಿದವಳಿಗೆ ನೆಪಗಳಿಗೇನು ಬರ. ಒಂದು ವರ್ಷ ಬಸುರಿ, ಮುಂದಿನ ವರ್ಷ ಕೈಗೂಸು, ಆಮೇಲೆ ಅತ್ತೆಗೆ ಹುಷಾರಿಲ್ಲ, ಆಮೇಲೆ ಮಗಳ ಪರೀಕ್ಷೆ. ಎಲ್ಲ ತೀರಿದಾಗ ತಲೆಸುತ್ತು. ಪ್ರತಿ ವರ್ಷ ನಾಲ್ಕು ತಾಸು ರೈಲಿನಲ್ಲೇ ಕೂತು ತವರಿಗೆ ಹೋಗಿ ಬರುವವಳಿಗೆ ಈ ರೈಲೊಂದರಲ್ಲಿ ಯಾಕೆ ತಲೆ ಸುತ್ತಬೇಕು ಎಂದು ಆ ಪುಣ್ಯಾತ್ಮನಿಗೆ ಒಮ್ಮೆಯೂ ಹೊಳೆಯಲಿಲ್ಲ.

ಅವನ ಕಾಟ ತಡೆಯಲಾರದೆ, ತಗ್ಗಿನ ಗಾಡಿಯಿಂದ ತಡೆಗೋಡೆಯಾಚೆ ಕೆಳಗಿನದು ಕಾಣದೆಂದು, ಒಮ್ಮೆ ಅವಳೇ ಟ್ಯಾಕ್ಸಿ ಗೊತ್ತು ಮಾಡಿದಳು. ಟ್ಯಾಕ್ಸಿ ಅವಳ ತಮ್ಮನದು. “ಭಾವ, ಆರಾಮಾಗಿ ಕೂತ್ಕೊಂಡು ಕಣಿವೆ ನೋಡಿ, ಗಾಡಿ ನನಗೆ ಬಿಡಿ,” ಎಂದ ತಮ್ಮ. ಭಾವ ಎರಡನೆಯ ತಿರುವಿಗೇ “ಸೆಕೆಂಡ್ ಗೇರ್ ಹಾಕೋ” ಎಂದ. ಐದರಲ್ಲಿ ಇಲ್ಲದ ಬ್ರೇಕು ತುಳಿದು ಕಾಲಡಿಯ ಮ್ಯಾಟು ಸರಿಸಿದ. ಎಂಟರಲ್ಲಿ “ಇಳಿ ಕೆಳಗೆ” ಎಂದು ಭಾಮೈದನನ್ನು ಹಿಂದೆ ಕೂರಿಸಿ ತಾನೇ ಸ್ಟೀರಿಂಗ್ ಹಿಡಿದ. ಕಣಿವೆಯನ್ನು ನೋಡಿದವನು ತಮ್ಮನೊಬ್ಬನೇ. ಅವನು ಎರಡು ತಿಂಗಳು ಅಕ್ಕನ ಮನೆ ಕಡೆ ತಲೆ ಹಾಕಲಿಲ್ಲ.

ಇನ್ನೊಮ್ಮೆ ಅವನ ಹಟಕ್ಕೆ ಬಸ್ಸು. ಸಹೋದ್ಯೋಗಿಯ ಬಸ್ಸಿನ ಕೊನೆಯ ಸಾಲಿನಲ್ಲಿ, ಕಿಟಕಿ ಪಕ್ಕ ಅವನನ್ನು ಕೂರಿಸಿದ್ದಾಯಿತು. ನಲವತ್ತು ತಲೆಗಳ ಮೇಲೆ ಕತ್ತು ಚಾಚಿ ಅವನು ಹುಡುಕಿದ್ದು ರಸ್ತೆಯನ್ನು. ಇಪ್ಪತ್ತೊಂದು ಬಂದಾಗ ಅವಳು ಅವನ ಮುಖವನ್ನೇ ನೋಡಿದಳು. ಅವನು ಮಾತ್ರ “ಇಲ್ಲಿ ಹಾರ್ನ್ ಹೊಡೀಬೇಕು, ಇವನಿಗೆ ಲೈಸೆನ್ಸ್ ಕೊಟ್ಟೋರು ಯಾರು” ಎಂದು ಗೊಣಗುತ್ತಿದ್ದ. ಅವಳು ಗೆದ್ದಳು.

ಕೊನೆಗೆ ನಿವೃತ್ತಿಯ ದಿನ ಬಂತು. ಅವನ ಕೊನೆಯ ಸೀಟು ಮೇಜಿಗೆ ಬಂದಾಗ ಅವಳು ಕೈಯಾಡಿಸಿದಳು. ನಡುವೆ ತಗ್ಗು, ಅಂಚು ಗಟ್ಟಿ. ಶೆಡ್ಡಿನಲ್ಲಿ ಒಬ್ಬಳೇ ಕೂತು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗೊರೆಸಿಕೊಂಡು ಹೊಸಬನಿಗಾಗಿ ಹೊಸ ಹೊದಿಕೆ ಹೊಲಿದಳು.

ವಾರ ಕಳೆಯುವುದರೊಳಗೆ ಶೆಡ್ಡಿನ ಮುಂದೆ ಅವನ ಪ್ರವಾಸದ್ದೇ ಪಂಚಾಯಿತಿ. ಟ್ಯಾಕ್ಸಿಯೇ ವಾಸಿ, ಬೇಕಾದಲ್ಲಿ ನಿಲ್ಲಿಸಬಹುದು ಎಂದ ತಮ್ಮ. ಆದರೆ ಭಾವನ ಕೈ ಕಟ್ಟಿ ಹಾಕಬೇಕು ಎಂದೂ ಸೇರಿಸಿದ. ಬಸ್ಸಿನವನು ಬಸ್ಸಿನಲ್ಲೇ ಹೋಗೋದು ಮರ್ಯಾದೆ ಎಂದ ಮೆಕ್ಯಾನಿಕ್. ಗೂಟ ಎಲ್ಲರ ಮಾತೂ ಕೇಳಿಸಿಕೊಂಡು, ಜೇಬಿನಿಂದ ಟಿಕೆಟ್ ತೆಗೆದು ಮೇಜಿನ ಮೇಲಿಟ್ಟ. ಹೋಗುವುದು ರೈಲು, ಬರುವುದು ಬಸ್ಸು. ಮೇಲೆ ಹೋದ ರೈಲು ಕೆಳಗೆ ಬರುವುದು ಮರುದಿನ, ಅದಕ್ಕೆ ವಾಪಸ್ಸಿಗೆ ಬಸ್ಸು.

“ರೈಲಲ್ಲಿ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಇನ್ನೇನು ಮಾಡ್ಲಿ, ಕಣಿವೆ ನೋಡ್ಲೇಬೇಕಲ್ಲ,” ಎಂದ. ಆಮೇಲೆ ಅವಳ ಕಡೆ ತಿರುಗಿ, “ತಲೆ ಸುತ್ತಿದ್ರೆ ನಿಂಬೆಹಣ್ಣು ಇಟ್ಕೊ.”

ಅವಳು ಯಂತ್ರದ ಚಕ್ರಕ್ಕೆ ಕೈಯೊತ್ತಿ ನಿಲ್ಲಿಸಿದಳು. ಈಗಲೂ ಬೇಡ ಎನ್ನಬಹುದಿತ್ತು. ಇಷ್ಟು ವರ್ಷದ ಅವನ ಗತ್ತು ಒಂದೇ ಬೆಳಿಗ್ಗೆ ಇಳಿದುಹೋದರೆ ಎಂದು ಯೋಚನೆ ಬಂತು. ಆದರೆ ಇನ್ನು ಅವನು ಬಸ್ಸು ಓಡಿಸಬೇಕಾಗಿಲ್ಲ. ಅದಲ್ಲದೆ ಅವಳಿಗೂ ಸಾಕಾಗಿತ್ತು. ತಾನೊಬ್ಬಳೇ ಹೊತ್ತದ್ದು ಅವನಿಗೂ ಗೊತ್ತಾಗಲಿ ಎಂಬ ಆಸೆ ಎಲ್ಲೋ ಇತ್ತು. ಅದು ಒಳ್ಳೆಯ ಆಸೆಯಲ್ಲ ಎಂದೂ ಅವಳಿಗೆ ಗೊತ್ತಿತ್ತು.

“ಆಯ್ತು, ರೈಲಲ್ಲೇ ಹೋಗೋಣ,” ಎಂದಳು.

ರೈಲಿನಲ್ಲಿ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಿಟಕಿಗೆ ಕೂತ. ಮೊದಲ ಅರ್ಧ ತಾಸು ಅವನ ಕಾಲು ಸುಮ್ಮನಿತ್ತು. ಜಲಪಾತ ಬಂತು. “ಓ, ಒಂಬತ್ತರ ಅಬ್ಬಾ ಇದೇನಾ,” ಎಂದು ಖುಷಿಪಟ್ಟ. ಕೆಳಗೆ ಹೊಳೆ ಎರಡಾಗಿ ಸೀಳುವ ಜಾಗ ಬಂದಾಗ “ಹದಿನಾಲ್ಕು” ಎಂದ. ಆಮೇಲೆ ಎದುರಿನ ಬಂಡೆಯ ಗೆರೆ ಅವನ ಕಣ್ಣಿಗೆ ಬಿತ್ತು.

“ಅದ್ಯಾವ ಕಾಲುದಾರಿನೇ ಅದು? ಕುರಿ ಮೇಯಿಸೋರದಾ?”

ಗೆರೆಯ ಮೇಲೆ ಕೆಂಪು ಬಸ್ಸು ಬಂತು. ಅವನು ಕಣ್ಣು ಕಿರಿದು ಮಾಡಿ ನೋಡಿದ. ತುಟಿಯಲ್ಲೇ ತಿರುವು ಎಣಿಸತೊಡಗಿದ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಆಮೇಲೆ ಎಣಿಸಲಿಲ್ಲ. ಬಸ್ಸು ಗಾಳಿಯ ಮೇಲೆ ಚಾಚಿದ ಹಲಗೆಯನ್ನು ದಾಟಿ ಆಚೆ ಹೋಯಿತು. ಅವನ ಎರಡೂ ಕಾಲು ರೈಲಿನ ನೆಲವನ್ನು ಒತ್ತಿ ಹಿಡಿದಿದ್ದವು.

ಮೇಲಿನ ಊರು ಬಂತು. ನಿಲ್ದಾಣದ ಹೊರಗಿನ ಅಂಗಡಿಯಲ್ಲಿ ಅವನು ಎರಡು ಚಹಾ ಹೇಳಿ ಅವಳ ಎದುರಿಗೆ ಕೂತ.

“ನಿನಗೆ ಮೊದಲೇ ಗೊತ್ತಿತ್ತಾ?”

“ಚಿಕ್ಕಮ್ಮನ್ನ ನೋಡೋಕೆ ಬಂದಾಗಿಂದ.”

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಮರುದಿನ ಬೆಳಿಗ್ಗೆ ಬಸ್ಸು ಹೇಗೆ ಓಡಿಸ್ತಿದ್ರಿ?”

ಅವನು ಲೋಟ ಕೆಳಗಿಟ್ಟು ಎದ್ದ. ಮೂರು ಗಂಟೆಗೆ ಬಸ್ಸು ಬಂತು. ಅದರ ಡ್ರೈವರ್ ಗೂಟನೇ ಕೆಲಸ ಕಲಿಸಿದ ಹುಡುಗ, “ಬನ್ನಿ ಅಣ್ಣ, ಮುಂದೆ ಕೂತ್ಕೊಳ್ಳಿ” ಎಂದು ಕರೆದ. ಗೂಟ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತ. ಹಿಂದಿನವರು ಸಾಲುಗಟ್ಟಿದರು. ಕಾಲು ಮೇಲೇಳಲಿಲ್ಲ.

“ನಾಳೆ ರೈಲಿಗೆ ಹೋಗೋಣ್ವಾ?” ಎಂದು ಅವಳು ಮೆಲ್ಲಗೆ ಕೇಳಿದಳು. ಅವನ ಮುಖ ನೋಡಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂದಿತ್ತು. ನೋಡಲಿ ಎಂದು ಆಸೆಪಟ್ಟವಳು ತಾನೇ ಅಲ್ಲವೆ.

“ನೀನು ದಿನಾ ಇದನ್ನೇ ನೆನೆಸ್ಕೊಂಡು ಹೊಲೀತಾ ಕೂತಿರ್ತಿದ್ದೆಯಾ?”

“ಹನ್ನೆರಡೂವರೆಗೆ ನಿಮ್ಮ ಹಾರ್ನ್ ಕೇಳೋವರೆಗೆ.”

ಅವನು ಕಂಬಿ ಹಿಡಿದು ಹತ್ತಿದ. ಮುಂದಿನ ಸೀಟು ಬೇಡವೆಂದು ನಡುವಿನ ಸಾಲಿಗೆ ಹೋದ. ಬೆಟ್ಟದ ಕಡೆಯ ಇಬ್ಬರ ಸೀಟು ಖಾಲಿಯಿತ್ತು. ಅವಳು ಅವನನ್ನು ಒಳಗೆ, ಕಿಟಕಿಗೆ ಬಿಡಲು ಪಕ್ಕಕ್ಕೆ ಸರಿದಳು. ಅಲ್ಲಾದರೆ ಬೆಟ್ಟದ ಕಡೆಗೆ ವಾಲಿಕೊಂಡು ಕಣ್ಣು ಮುಚ್ಚಬಹುದಿತ್ತು.

“ನೀನು ಆ ಕಡೆ ಕೂತ್ಕೊ,” ಎಂದು ಅವನು ಅವಳನ್ನೇ ಬೆಟ್ಟದ ಪಕ್ಕಕ್ಕೆ ಕಳಿಸಿ, ತಾನು ಅವಳ ಪಕ್ಕದಲ್ಲಿ, ಕಣಿವೆಯ ಕಡೆ ಕೂತ.

ಬಸ್ಸು ಇಳಿಯತೊಡಗಿತು. ಮೂವತ್ತು, ಇಪ್ಪತ್ತೈದು, ಇಪ್ಪತ್ತೆರಡು. ಜನರ ಮಾತು ನಿಂತಿತು. ಅವನು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಆದರೆ ಅವನು ಆ ಕಡೆಗೂ ವಾಲಲಿಲ್ಲ, ಈ ಕಡೆಗೂ ವಾಲಲಿಲ್ಲ. ಅವಳು ತಾನೇ ಹೊಲಿದ ಆ ಸೀಟಿನ ಹೊದಿಕೆಯ ಮೇಲೆ ಕೈ ಸರಿಸಿ, ತನ್ನ ಕಡೆಗಿದ್ದ ಅವನ ಅಂಚನ್ನು ಮುಟ್ಟಿ ನೋಡಿದಳು. ಅಂಚು ಗಟ್ಟಿಯಾಗಿತ್ತು.